ಎರಡು ಚಮಚ ದ್ರಾಕ್ಷಾರಿಷ್ಟ

ಅತ್ತೆ ಊರಿನಿಂದ ಬಂದ ದಿನ ಅವರ ಸೂಟ್‌ಕೇಸಿನಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ ಮತ್ತು ಹಳೆಯ ಸೀರೆಯಲ್ಲಿ ಸುತ್ತಿದ ಎರಡು ಬಾಟಲಿ ದ್ರಾಕ್ಷಾರಿಷ್ಟ ಇದ್ದವು. ಹಪ್ಪಳ ಕಂಡು ನಾನು ಕುಣಿದೆ. ಬಾಟಲಿಗಳನ್ನು ಅವರೇ ಅಡುಗೆಮನೆಯ ಕಪಾಟಿನಲ್ಲಿಟ್ಟು, ಕೆಮ್ಮಿಗೆ ಒಳ್ಳೆಯದು ಅಂದರು. ಅವತ್ತೇ ಅದನ್ನು ಸಿಂಕಿಗೆ ಸುರಿದಿದ್ದರೆ ಎಂದು ಈಗ ಅನಿಸುತ್ತದೆ. ಆದರೆ ಮನೆಯ ಔಷಧಿಯನ್ನು ಯಾರು ಹಾಗೆ ಅನುಮಾನದಿಂದ ನೋಡುತ್ತಾರೆ?

ನಾವಿರುವುದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಕಟ್ಟಡದಲ್ಲಿ. ನನ್ನ ಗಂಡನಿಗೆ ನಗರದಿಂದಾಚೆ, ಮರಳಿನ ನಡುವೆ ಇಂಧನದ ಟ್ಯಾಂಕುಗಳಿರುವ ಜಾಗದಲ್ಲಿ ಟೆಕ್ನಿಷಿಯನ್ ಕೆಲಸ. ಅಲ್ಲಿಯ ಗೇಟು ದಾಟಲು ಸೆಕ್ಯುರಿಟಿ ಪಾಸ್ ಬೇಕು. ಪಾಸ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು, ಹತ್ತನೆಯ ಕ್ಲಾಸಿನ ಮಗಳು ಪರೀಕ್ಷೆ ಬರೆಯುವ ಮೊದಲೇ ಗಂಟುಮೂಟೆ ಕಟ್ಟಬೇಕು. ಪಾಸ್ ನವೀಕರಣಕ್ಕೆ ಹೋಗಿರುವಾಗ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗುವುದೂ ಇಲ್ಲ. ಕೊಡುವುದಿಲ್ಲ ಎಂದರೆ ಯಾಕೆಂದು ಅಲ್ಲಿ ಯಾರೂ ಹೇಳುವುದಿಲ್ಲ.

ನಮಗೆ ಮಾತ್ರ ಯಾಕೆಂದು ಹೇಳಬೇಕಾದ ಅಗತ್ಯವಿರಲಿಲ್ಲ. ಮದುವೆಗೆ ಮೊದಲು, ದುಬೈಯಲ್ಲಿ ಬ್ಯಾಚುಲರ್ ರೂಮಿನಲ್ಲಿದ್ದಾಗ, ಇವರು ಕುಡಿದು ಅಲ್ಲಿಯ ನೈಫ್ ಎಂಬ ಪೇಟೆಯ ಒಂದು ಅಂಗಡಿಯ ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದರು. ಪೊಲೀಸರು ಎತ್ತಿಕೊಂಡು ಹೋದರು. ದಂಡ ಕಟ್ಟಿ ಹೊರಗೆ ಬಂದವರು ಮತ್ತೆ ಮುಟ್ಟಲಿಲ್ಲ. ಇದನ್ನು ನನಗೆ ಮದುವೆಗೆ ಮೊದಲೇ ಹೇಳಿದ್ದರು. ಕೇಸ್ ಖಲಾಸ್ ಆದಮೇಲೆ ಯಾಕೆ ಕೆದಕುತ್ತೀಯ ಎಂದು ಗೆಳೆಯರೆಲ್ಲ ಬೈದರೂ, ಪಾಸಿನ ಅರ್ಜಿಯಲ್ಲೂ ಬರೆದರು. ಹೇಳದೆ ಉಳಿದದ್ದು ಅತ್ತೆಗೆ ಮಾತ್ರ. ಮಾವ ಕುಡಿದು ಕುಡಿದೇ ಹೋದವರು. ನನ್ನ ಮಗ ಅದರ ವಾಸನೆಯನ್ನೂ ಕಂಡವನಲ್ಲ ಎಂಬ ಮಾತೊಂದರ ಮೇಲೆ ಅತ್ತೆ ಊರಿನಲ್ಲಿ ತಲೆಯೆತ್ತಿ ನಡೆಯುತ್ತಿದ್ದರು. ಅದನ್ನು ಕಿತ್ತುಕೊಳ್ಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಚಳಿಗಾಲದಲ್ಲಿ ಇವರಿಗೆ ಕೆಮ್ಮು ಹಿಡಿಯಿತು. ಬೆಳಿಗ್ಗೆ ನಾನು ಇಡ್ಲಿ ಡಬ್ಬಿಗೆ ತುಂಬುತ್ತಿದ್ದರೆ, ಅತ್ತೆ ಒಂದು ಪುಟ್ಟ ಶೀಶೆಗೆ ಎರಡು ಚಮಚ ದ್ರಾಕ್ಷಾರಿಷ್ಟ ಹಾಕಿ, ತಿಂಡಿಯಾದ ಮೇಲೆ ಕುಡಿ ಎಂದು ಮಗನ ಬ್ಯಾಗಿಗೆ ಸೇರಿಸಿದರು. ಚಿಕ್ಕಂದಿನಿಂದ ಕುಡಿದು ಬೆಳೆದ ಔಷಧಿ, ಇವರಿಗೂ ಏನೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಇಡ್ಲಿ ತಿಂದು, ಗೇಟು ಹತ್ತಿರವಾದಾಗ ಶೀಶೆ ಖಾಲಿ ಮಾಡಿದ್ದಾರೆ. ಆ ದಿನ ಗೇಟಿನಲ್ಲಿ ಕುಡಿದಿದ್ದಾರೆಯೇ ಎಂದು ನೋಡಲು ಎಲ್ಲರಿಂದಲೂ ಯಂತ್ರಕ್ಕೆ ಊದಿಸುತ್ತಿದ್ದರು. ಇವರು ಊದಿದಾಗ ಅದು ಕೂಗಿತು; ದ್ರಾಕ್ಷಿ ಹುದುಗಿಸಿ ಮಾಡುವ ಅರಿಷ್ಟದಲ್ಲೂ ಒಂದಿಷ್ಟು ಮದ್ಯದ ಅಂಶವಿರುತ್ತದೆ. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದಾಗ ಸೊನ್ನೆ. ಬೇರೆಯವರಾಗಿದ್ದರೆ ನಕ್ಕು ಒಳಗೆ ಬಿಡುತ್ತಿದ್ದರೋ ಏನೋ. ಅವರ ಫೈಲಿನಲ್ಲಿ ಇವರ ಹೆಸರಿನ ಕೆಳಗೆ ನೈಫ್‌ನ ಮೆಟ್ಟಿಲಿತ್ತು. ಪಾಸ್ ತೆಗೆದಿಟ್ಟುಕೊಂಡು, ಬಾಟಲಿ ಹಿಡಿದು, ಅದನ್ನು ಕೊಟ್ಟವರನ್ನೂ ಕರೆದುಕೊಂಡು ಆಫೀಸಿಗೆ ಬಾ ಎಂದರು.

ಮೂವರೂ ಹೋದೆವು. ಅಧಿಕಾರಿ ಹಿಂದಿಯಲ್ಲಿ ಮಾತಾಡಿದ, ಅತ್ತೆಗೆ ನೀರು ತರಿಸಿದ. ಗದರಿದ್ದರೆ ಸಮಾಧಾನವಾಗುತ್ತಿತ್ತು, ಆ ಮರ್ಯಾದೆ ಕಂಡೇ ನನಗೆ ಭಯವಾಯಿತು. ಮಗನ ಮೇಲೆ ಬಂದಿರುವುದು ಕುಡಿತದ ಅಪವಾದವೆಂದು ತಿಳಿದದ್ದೇ ತಡ, ಅತ್ತೆ ಎದ್ದು ನಿಂತು ತುಳುವಿನಲ್ಲಿ ಶುರುಮಾಡಿದರು.

"ಇವನ ಅಪ್ಪ ಕುಡಿದು ಸತ್ತದ್ದು. ಇವ ಹುಟ್ಟಿದ ಮೇಲೆ ಒಂದು ತೊಟ್ಟು ಮುಟ್ಟಿದವನಲ್ಲ. ಬೇಕಾದ್ರೆ ಊರಿಗೆ ಫೋನ್ ಮಾಡಿ ಕೇಳ್ಲಿ."

ಏನು ಹೇಳುತ್ತಿದ್ದಾರೆ ಎಂದು ಅಧಿಕಾರಿ ಇವರನ್ನು ಕೇಳಿದ. ಅಮ್ಮ ಅಂದದ್ದನ್ನು ಅಂದ ಹಾಗೆ ಹೇಳಿದರೆ ಅರ್ಜಿಯಲ್ಲಿ ಬರೆದದ್ದರ ಎದುರು ಅವರ ಸಾಕ್ಷಿಯೇ ಸುಳ್ಳಾಗುತ್ತಿತ್ತು, ತಿದ್ದಿ ಹೇಳಿದರೆ ಇವರೇ ಸುಳ್ಳರಾಗುತ್ತಿದ್ದರು. ಇವರು ಒಂದು ಮಾತೂ ಬಿಡದೆ ಹಿಂದಿಗೆ ತಂದರು. ಆಮೇಲೆ, ಇದು ನಿಜವಲ್ಲ, ಅಮ್ಮನಿಗೆ ಗೊತ್ತಿಲ್ಲ ಅಂದರು.

ಅಧಿಕಾರಿ ಬಾಟಲಿಯನ್ನು ಪಕ್ಕಕ್ಕೆ ಸರಿಸಿದ. "ತಾಯಿಗೇ ಹೇಳದವನು ನಮಗೆ ಎಲ್ಲ ಹೇಳಿದ್ದಾನೆ ಅಂತ ನಾನು ಹೇಗೆ ನಂಬಲಿ?"

ಇವರು ಅತ್ತೆಯ ಕಡೆ ತಿರುಗಿದರು.

"ಅಮ್ಮ, ನಾನು ಕುಡೀತಿದ್ದೆ. ದುಬೈಯಲ್ಲಿ ಪೊಲೀಸ್ ಹಿಡಿದಿದ್ರು. ಇವ್ರಿಗೆಲ್ಲ ಗೊತ್ತುಂಟು, ನಿನಗೆ ಮಾತ್ರ ಹೇಳ್ಲಿಲ್ಲ."

ಅತ್ತೆ ಕುಳಿತುಕೊಂಡರು. ಮನೆಯ ಕಪಾಟಿನಲ್ಲಿದ್ದ ಇನ್ನೊಂದು ಬಾಟಲಿ ಮರುದಿನ ಕಾಣಲಿಲ್ಲ.

ಕೆಲವು ವಾರಗಳ ಮೇಲೆ ಪಾಸ್ ಬಂತು, ಮೊದಲಿಗಿಂತ ಕಡಿಮೆ ಅವಧಿಗೆ. ಈ ಸಲವೂ ಯಾಕೆಂದು ಯಾರೂ ಹೇಳಲಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ ನಾನು ಉಸಿರು ಬಿಟ್ಟೆ.

ಆದರೆ ಸಂಜೆ ಬೆಲ್ಲಾಗುವ ಮೊದಲೇ ಅತ್ತೆ ಬಾಗಿಲಲ್ಲಿರುತ್ತಿದ್ದರು. ಊಟದ ಬ್ಯಾಗು ಇಸಿದುಕೊಳ್ಳುವ ನೆಪದಲ್ಲಿ ಮಗನ ಮುಖದ ತೀರಾ ಹತ್ತಿರ ಹೋಗಿ ಉಸಿರು ಮೂಸುತ್ತಿದ್ದರು. ಆ ನಿಲುವು ನನಗೆ ಚೆನ್ನಾಗಿ ಗೊತ್ತು, ಮದುವೆಯಾದ ಹೊಸದರಲ್ಲಿ ಅಲ್ಲಿ ನಿಲ್ಲುತ್ತಿದ್ದವಳು ನಾನು. ಅವರ ಮೇಲೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಮೊನ್ನೆ ಸಂಜೆ ಇವರು ಹೊಸ್ತಿಲಾಚೆಯೇ ನಿಂತರು. ಬ್ಯಾಗು ಕೊಡಲಿಲ್ಲ. ಕತ್ತಿನಲ್ಲಿದ್ದ ಪಾಸನ್ನು ಎದೆಯ ಮೇಲೆ ನೇರ ಮಾಡಿಕೊಂಡು, ತಲೆ ಬಗ್ಗಿಸಿ, ಗೇಟಿನಲ್ಲಿ ಊದುವ ಹಾಗೆಯೇ ಅಮ್ಮನ ಮುಖಕ್ಕೆ ಉದ್ದಕ್ಕೆ ಉಸಿರು ಊದಿದರು. ಅತ್ತೆ ಕಣ್ಣು ಮುಚ್ಚಿ ಅದನ್ನು ಒಳಗೆಳೆದುಕೊಂಡರು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.