ಒಂದೇ ದಿನ ಬಿಟ್ಟ ಸಿಗರೇಟು

ಉಸಿರು ಬಿಡುವಾಗ ಓನರ್ ಅಂಕಲ್ ಸೀಟಿ ಹೊಡೆಯುವವರ ಹಾಗೆ ತುಟಿ ಮುಂದೆ ಮಾಡುತ್ತಿದ್ದರು. ಸೀಟಿ ಮಾತ್ರ ಎದೆಯೊಳಗಿಂದ ಬರುತ್ತಿತ್ತು. ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಕೆಳಗೆ ಅವರು, ಎರಡನೇ ಮಹಡಿಯಲ್ಲಿ ಬಾಡಿಗೆಗೆ ನಾವು. ಮೆಟ್ಟಿಲ ಮೇಲೆ ಆ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ, "ಬಂದ್ರು ನೋಡಿ ನಿಮ್ಮ ಪಾರ್ಟ್ನರ್" ಎನ್ನುತ್ತಿದ್ದಳು.

ಪಾರ್ಟ್ನರ್ ಎಂದರೆ ಸಿಗರೇಟಿನ ಪಾರ್ಟ್ನರ್. ಸಂಜೆಯಾದರೆ ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಇಬ್ಬರೂ ಸೇದುತ್ತಿದ್ದೆವು. ಅವರಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ಕಾಯಿಲೆ ಇದೆ, ಸಿಗರೇಟು ಬಿಡಲೇಬೇಕು ಎಂದು ಡಾಕ್ಟರು ಹೇಳಿದ ದಿನ ಅವರು ನೇರವಾಗಿ ನಮ್ಮ ಮನೆಗೆ ಬಂದರು. "ನಾನೊಬ್ನೇ ಯಾಕೆ ಒದ್ದಾಡ್ಬೇಕು? ನೀನೂ ಬಿಡು" ಅಂದರು. ಬಿಡದಿದ್ದರೆ ಮನೆ ಖಾಲಿ ಮಾಡಿಸುತ್ತೇನೆಂದೂ ಹೆದರಿಸಿದರು. ಅವತ್ತೇ ಇಬ್ಬರೂ ಬಿಟ್ಟೆವು.

ಆಮೇಲಿನ ಕಾಟ ಹೇಳತೀರದು. ಇನ್‌ಹೇಲರನ್ನು ಎರಡು ಬೆರಳ ಮಧ್ಯೆ ಸಿಗರೇಟಿನಂತೆ ಹಿಡಿಯುತ್ತಿದ್ದರು. ಎಳೆದಾದ ಮೇಲೆ ಇಲ್ಲದ ಬೂದಿಯನ್ನು ಕೊಡವುತ್ತಿದ್ದರು. ಪ್ರತಿ ಸಲ ಔಷಧಿ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎದೆ ಸರಿಹೋಯಿತೇ ಎಂದು ನೋಡಲು ದಿನಾ ಬೆಳಗ್ಗೆ ನಮ್ಮ ಮನೆ ತನಕ ಮೆಟ್ಟಿಲು ಹತ್ತಲು ಹೊರಟು, ಅರ್ಧದಲ್ಲೇ ಕೂತು, ಅಲ್ಲಿಂದ ನನಗೆ ಫೋನ್ ಮಾಡುವರು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಇಳಿದು ಹೋಗಿ ಬೈಸಿಕೊಳ್ಳಬೇಕು.

ಬೈಯಲು ಅವರಿಗೊಂದು ಕಾರಣವಿತ್ತು. ಸಿಗರೇಟಿನಿಂದ ನನಗೂ ಕೆಮ್ಮಿತ್ತು; ಬಿಟ್ಟ ಕೆಲವೇ ತಿಂಗಳಲ್ಲಿ ನನ್ನದು ಹೋಯಿತು, ಅವರದು ಹೋಗಲಿಲ್ಲ. "ಇಬ್ರೂ ಒಂದೇ ದಿನ ಬಿಟ್ವಿ. ನಿನಗೆ ವಾಸಿ ಆಯ್ತು, ನನಗ್ಯಾಕಿಲ್ಲ?" ಅವರ ಪಾಲಿನದನ್ನೂ ನಾನೇ ಹೊಡೆದುಕೊಂಡೆ ಎನ್ನುವ ಹಾಗೆ ಕೇಳುತ್ತಿದ್ದರು. ಕೊನೆಗೆ ಸಾಕ್ಷಿಗೆಂದು ಡಾಕ್ಟರ ಹತ್ತಿರಕ್ಕೂ ನನ್ನನ್ನು ಎಳೆದುಕೊಂಡು ಹೋದರು. ಈ ಕಾಯಿಲೆ ಬಂದವರಲ್ಲಿ ಹೊಗೆ ನಿಂತರೂ ಶ್ವಾಸನಾಳದ ಒಳಗಿನ ಉರಿಯೂತ ಪೂರ್ತಿ ಇಳಿಯುವುದಿಲ್ಲ, ವರ್ಷಗಟ್ಟಲೆ ಉಳಿಯಬಹುದು, ಆದರೆ ಇನ್ನಷ್ಟು ಬೇಗ ಹದಗೆಡುವುದು ತಪ್ಪುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಅಂಕಲ್ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ.

ಆ ಸಂಜೆ ತಾರಸಿಗೆ ಅದು ಹೇಗೆ ಹತ್ತಿದರೋ. ಟ್ಯಾಂಕಿನ ಮರೆಯಲ್ಲಿ ನಿಂತಿದ್ದರು, ಕೈಯಲ್ಲಿ ಸಿಗರೇಟು, ಬೆಂಕಿಪೊಟ್ಟಣ. ನನಗೆ ತಲೆ ಕೆಟ್ಟುಹೋಯಿತು. "ಹಚ್ಚಿ ಅಂಕಲ್. ನನಗೂ ಒಂದು ಕೊಡಿ" ಎಂದು ಕೈ ಚಾಚಿದೆ.

ಅವರು ಟ್ಯಾಂಕಿಗೆ ಒರಗಿ ಉಸಿರು ಎಳೆದುಕೊಂಡರು. ಮಾತಿಗೆ ಉಸಿರು ಬರಬೇಕಿತ್ತಲ್ಲ. ಆಮೇಲೆ ಸಿಗರೇಟನ್ನು ಹೊಸಕಿ ಕರಿಬೇವಿನ ಕುಂಡಕ್ಕೆ ಉದುರಿಸಿದರು.

"ನಿನಗೆ ವಾಸಿ ಆಗಿದೆಯಲ್ಲೋ, ದಡ್ಡ. ಅದನ್ನ ಯಾಕೆ ಕೆಡಿಸ್ಕೋತೀಯ?"

ಅವರು ಮತ್ತೆಂದೂ ಸಿಗರೇಟು ಮುಟ್ಟಲಿಲ್ಲ. ನನ್ನನ್ನು ಬೈಯುವುದನ್ನೂ ಬಿಡಲಿಲ್ಲ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡರು.

ಈಗ ತಾರಸಿ ತನಕ ಎಲ್ಲೂ ನಿಲ್ಲದೆ ಹತ್ತುತ್ತೇನೆ, ಏದುಸಿರು ಬರುವುದಿಲ್ಲ. ಅವರು ಕೂತು ಫೋನ್ ಮಾಡುತ್ತಿದ್ದ ಮೆಟ್ಟಿಲು ದಾಟುವಾಗ ಮಾತ್ರ ಸಿಟ್ಟು ಬರುತ್ತದೆ. ತಮ್ಮ ಕೆಮ್ಮನ್ನು ತಾವೇ ಇಟ್ಟುಕೊಂಡು, ನನ್ನದನ್ನು ಬಿಡಿಸಿ ಹೋದರಲ್ಲ, ಈ ಜಗಳವನ್ನು ಇನ್ನು ನಾನು ಯಾರ ಹತ್ತಿರ ಮುಗಿಸಲಿ?