ಪಡಸಾಲೆಯಲ್ಲಿ ಮಗ್ಗದ ಕುಣಿ

ಮಕ್ಕಳೇ, ಇದು ಏಕೀಕರಣದ ಹಿಂದುಮುಂದಿನ ಮಾತು. ಗಜೇಂದ್ರಗಡದ ಮನೆಯಲ್ಲಿ ಆಗ ಅತ್ತೆ ಮತ್ತು ನಾನು ಇಬ್ಬರೇ. ಮಾವ ತೀರಿಕೊಂಡಿದ್ದರು. ನಿಮ್ಮ ಅಜ್ಜ ಹುಬ್ಬಳ್ಳಿಯ ಮಿಲ್ಲಿಗೆ ಸೇರಿ ಎರಡು ವರ್ಷವಾಗಿತ್ತು. ಹಬ್ಬಕ್ಕೆ ಬಂದು ಮೂರು ದಿನವಿದ್ದು ಹೋಗುತ್ತಿದ್ದರು. ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಹೋಗುವ ಆಸೆಯಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಓಣಿಯಿಂದ ಹೋಗುವವರಿದ್ದಂತೆ ಬರುವವರೂ ಇದ್ದರು. ಇಳಕಲ್ಲ ಕಡೆಯಿಂದ ಒಬ್ಬ ನೇಕಾರ ಹೆಂಡತಿಯೊಡನೆ ಬಂದ. ಅಣ್ಣತಮ್ಮಂದಿರು ಬೇರೆಯಾದಾಗ ಅವನ ಪಾಲಿಗೆ ಮಗ್ಗ ಬಂದಿತ್ತು, ಅದನ್ನಿಡಲು ಜಾಗ ಬಂದಿರಲಿಲ್ಲ. ಅತ್ತೆ ಪಡಸಾಲೆಯನ್ನು ಬಾಡಿಗೆಗೆ ಕೊಟ್ಟರು. ಮರುದಿನವೇ ಅವನು ಗುದ್ದಲಿ ಹಿಡಿದು ನಿಂತ.

"ಅವ್ವಾರ, ಇಲ್ಲೊಂದು ಕುಣಿ ತೋಡ್ಬೇಕ್ರಿ. ಕಾಲು ಇಳಿಬಿಟ್ಟು ಕುಂತ್ರನ ಮಗ್ಗ ನಡಿತೈತ್ರಿ."

"ಕುಣಿನ? ಇದು ನನ್ನ ಮಗ ಮಲಗೂ ಜಾಗಾ. ಅಂವ ತಿರುಗಿ ಬಂದ ದಿನ ಕುಣ್ಯಾಗ ಬೀಳ್ಬೇಕೇನು?"

"ಹಂಗಾರ ನಾವ ಮತ್ತ ಗಾಡಿ ಕಟ್ಟಬೇಕ್ರಿ," ಎಂದಳು ಅವನ ಹೆಂಡತಿ.

ಅತ್ತೆಯವರಿಗೆ ಅದೂ ಬೇಡ. ಮಗನನ್ನೇ ಕೇಳೋಣವೆಂದು ನನ್ನ ಮುಂದೆ ಕಾರ್ಡು ಇಟ್ಟರು. ನಾಲ್ಕನೆಯ ಇಯತ್ತೆ ಕಲಿತವಳಾದ್ದರಿಂದ ಮನೆಯ ಕಾಗದಗಳೆಲ್ಲ ನನ್ನ ಕೈಯವು.

"ಪಡಸಾಲಿ ಅಗೀಬ್ಯಾಡ್ರಿ ಅಂತ ನೀನ ಹೇಳು, ಅಂತ ಬರಿ."

ಹಾಗೆಯೇ ಬರೆದೆ. ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಅದುವರೆಗೆ ನನ್ನ ಮಾತೆಂದು ನಿಮ್ಮ ಅಜ್ಜನಿಗೆ ಒಂದಕ್ಷರ ಬರೆದವಳಲ್ಲ. ಅಂದು ಸಣ್ಣ ಅಕ್ಷರದಲ್ಲಿ ಬರೆದೆ: ಈ ನೇಕಾರರು ಉಳಿದರೆ ಅತ್ತೆಯವರಿಗೆ ಜೊತೆಯಾಗುತ್ತದೆ. ನಾನು ಅಲ್ಲಿಗೆ ಬರಬಹುದು. ಇಬ್ಬರಿಗೆ ಇರಲು ಒಂದು ಖೋಲಿ ನೋಡಿರಿ.

ಎಂಟು ದಿನ ಬಿಚ್ಚಿದ ಮಗ್ಗ ಅಂಗಳದ ಗೋಡೆಗೆ ಒರಗಿಕೊಂಡಿತ್ತು. ನೇಕಾರ ಎರಡು ಹೊತ್ತು ಟಪಾಲಿನವನ ದಾರಿ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಉತ್ತರ ಬಂದಾಗ ಎಲ್ಲರ ಮುಂದೆ ನಾನೇ ಓದಬೇಕಾಯಿತು: "ಅವ್ವಾ, ನಾನು ಸದ್ಯ ಊರಿಗೆ ಮರಳುವ ಹಾಗಿಲ್ಲ. ಕುಣಿ ತೋಡಲಿ. ಖೋಲಿ ಸಿಕ್ಕಿದೆ, ಇವಳನ್ನು ಕಳಿಸು."

"ಖೋಲಿ ಮಾತು ನಾ ಬರಿಸಿದ್ದಿಲ್ಲಲ್ಲ?"

"ಇಲ್ರಿ ಅತ್ತಿ."

"ಮತ್ತ ಅಂವಗ ಕನಸು ಬಿದ್ದಿತ್ತೇನು?"

ನೇಕಾರನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

"ನೀ ನಗಬ್ಯಾಡ. ನಿನ್ನ ಗಂಡಗ ಹೇಳು, ಬಾಗಿಲಿಂದ ಎರಡು ಮೊಳ ಬಿಟ್ಟು ಅಗೀಲಿ," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಬಾಯಿಲ್ಲದಾಕಿ ಅಂತ ತಿಳಿದಿದ್ನಿ," ಎಂದರು. ಸಿಟ್ಟೋ ಅಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಮಗ್ಗ ಕೂಡಿಸಿದ ಮರುದಿನ ನಾನು ಹುಬ್ಬಳ್ಳಿಗೆಂದು ಗದಗಿನ ಬಸ್ಸು ಹತ್ತಿದೆ. ಅತ್ತೆ ಬುತ್ತಿ ಕಟ್ಟಿಕೊಟ್ಟರು, ಬಸ್ಸಿನವರೆಗೆ ಬರಲಿಲ್ಲ. ನೂಲು ಬಿಗಿಯಾಗಲೆಂದು ಹಚ್ಚುವ ಗಂಜಿಗೆ ನಮ್ಮ ಜೋಳದ ಹಿಟ್ಟನ್ನು ಯಾಕೆ ತೆಗೆದುಕೊಂಡೆ ಎಂದು ನೇಕಾರನ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಓಣಿಯ ತುದಿಯವರೆಗೂ ಅವರ ದನಿ ಕೇಳುತ್ತಿತ್ತು. ಬೈಯಲು ಅವರಿಗೆ ಮನೆಯಲ್ಲಿ ಜನ ಸಿಕ್ಕಿದ್ದರು; ನಾನು ನಿಶ್ಚಿಂತೆಯಿಂದ ಹೋದೆ.