ಇಲ್ಲದ ಕಾರಂಜಿಯ ಸುತ್ತ

ದುಬೈನ ಮಾಲ್‌ನಲ್ಲಿ ಅಲೆಪ್ಪೊ ಸಾಬೂನಿನ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಆಲಿವ್ ಎಣ್ಣೆಯ, ಒಣ ಎಲೆಯ ಆ ಘಾಟು ಮೂಗಿಗೆ ಬಡಿದು ನನ್ನ ನಡಿಗೆ ನಿಧಾನವಾಗುತ್ತದೆ. ಹಮ್ದಾನ್ ಸ್ಟ್ರೀಟಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಎದುರು ಫ್ಲ್ಯಾಟಿನ ಖಾಲಾರ ಮನೆಗೆ ಇದೇ ವಾಸನೆಯಿತ್ತು. ಯುದ್ಧ ಶುರುವಾದ ಮೇಲೆ ತಮ್ಮೂರು ಅಲೆಪ್ಪೊ ಬಿಟ್ಟು ಮಗನ ಹತ್ತಿರ ಬಂದವರು ಅವರು. ಖಾಲಾ ಅಂದರೆ ಚಿಕ್ಕಮ್ಮ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ದೂರದ ರುವೈಸ್‌ನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬಂದು ಹೋಗುವವರು. ಹಾಗಾಗಿ ಸ್ಕೂಲ್ ಬಸ್ ಇಳಿದವಳೇ ನಾನು ಖಾಲಾರ ಮನೆ ಸೇರುತ್ತಿದ್ದೆ. ಅವರ ಮಗ ಆಫೀಸಿನಿಂದ ಬರುವವರೆಗೂ ಆ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಇಬ್ಬರೇ ಎಂದು ನಾನು ಅಂದುಕೊಂಡಿದ್ದೆ.

ಬಿಟ್ಟು ಬಂದ ಮನೆಯನ್ನು ಖಾಲಾ ಆ ಎರಡು ಕೋಣೆಗಳೊಳಗೆ ಹಾಗೇ ಇಳಿಸಿಕೊಂಡಿದ್ದರು. ಫ್ರಿಜ್ ಇದ್ದ ಮೂಲೆ ನಿಂಬೆ ಮರ. ಚಪ್ಪಲಿ ಅದರ ಕೆಳಗೇ ಬಿಡಬೇಕು. ಹಾಲಿನ ನಟ್ಟನಡುವೆ ಕಾರಂಜಿ. ಅಡ್ಡ ಹಾಯಲು ಹೋದರೆ "ಕಾಲು ನೆನೆಯುತ್ತೆ ಹಬೀಬ್ತಿ, ಬಳಸಿ ಹೋಗು" ಎನ್ನುತ್ತಿದ್ದರು. ಮೊದಮೊದಲು ನನಗದು ಆಟ, ಆಮೇಲೆ ಅಭ್ಯಾಸ. ಕಾರ್ಪೆಟ್ಟು ಸುತ್ತಲೂ ಸವೆದು ನೂಲು ಬಿಟ್ಟಿತ್ತು. ನಡುವಿನ ದುಂಡನೆಯ ಜಾಗ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಕೆಂಪಗಿತ್ತು. ಒಮ್ಮೆ ಡ್ಯೂಟಿ ಮುಗಿಸಿ ಅಲ್ಲಿಗೇ ಬಂದ ಅಮ್ಮ ನನ್ನನ್ನು ನೋಡಿ ನಕ್ಕಳು. "ಎಂತ ಮಾರಾಯ್ತಿ, ನಡುವಲ್ಲಿ ಇಷ್ಟು ಜಾಗ ಉಂಟು, ನೀನ್ಯಾಕೆ ಗೋಡೆಗೆ ಒರಸಿಕೊಂಡು ಹೋಗುದು?" ಅಂದವಳು, ಕೈಯಲ್ಲಿ ಮೀನಿನ ಚೀಲ ಹಿಡಿದು, ತಾನೂ ಗೋಡೆಗೆ ಒರಸಿಕೊಂಡೇ ಅಡುಗೆಮನೆಗೆ ಹೋದಳು. ನನಗೆ ಮೊದಲ ಸಲ ಹೆದರಿಕೆಯಾದದ್ದು ಆಗ.

ಬಾಲ್ಕನಿ ತೇತಾರ ಕೋಣೆ. ತೇತಾ ಅಂದರೆ ಅವರಲ್ಲಿ ಅಜ್ಜಿ, ಖಾಲಾರ ಅತ್ತೆ. ಬಟ್ಟೆ ಒಣಹಾಕಲು ಹೋಗುವಾಗಲೂ ಒಳಗಿನಿಂದ ಬಾಗಿಲು ತಟ್ಟಿ ಸ್ವಲ್ಪ ಕಾಯಬೇಕಿತ್ತು. ಕೆಲವು ದಿನ ಖಾಲಾ ಕಿವಿಗೊಟ್ಟು, "ಈಗ ಬೇಡ, ನಮಾಜಿನಲ್ಲಿದ್ದಾರೆ" ಎಂದು ಒದ್ದೆ ಬಟ್ಟೆಯ ಬಕೆಟ್ಟನ್ನು ವಾಪಸು ತರುತ್ತಿದ್ದರು. ನಾನೂ ಆ ಗಾಜಿನಾಚೆ ದಿಟ್ಟಿಸುತ್ತಿರಲಿಲ್ಲ. ತೇತಾ ಊರು ಬಿಡಲೊಪ್ಪದೆ ತಮ್ಮ ಕೋಣೆಯಲ್ಲೇ ಉಳಿದರೆಂದೂ, ಆ ಬೀದಿ ಬಾಂಬಿಗೆ ನೆಲಸಮವಾದ ಮೇಲೆ ಅವರ ಸುದ್ದಿಯೇ ಇಲ್ಲವೆಂದೂ ಅಮ್ಮ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ನಾನು ದೊಡ್ಡವಳಾಗುವ ಹೊತ್ತಿಗೆ ಯುದ್ಧ ನಿಂತಿತು. ಆ ಬೀದಿಯಿದ್ದಲ್ಲಿ ಹೊಸ ಮಾರುಕಟ್ಟೆ, ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಯೋಜನೆ ಬಂತು. ಹಳೆಯ ಮನೆಯವರಲ್ಲಿ ಒಪ್ಪಿದವರಿಗಿಂತ ತಕರಾರೆತ್ತಿದವರೇ ಹೆಚ್ಚು. ಅವರನ್ನು ಸಮಾಧಾನಪಡಿಸಲು ದುಬೈನ ಹೋಟೆಲೊಂದರಲ್ಲಿ ಊರಿನ ಮಾದರಿ ಮಾಡಿ ಇಟ್ಟಿದ್ದರು. ಆ ಮನೆಯ ಮಾತೆತ್ತಿದರೆ ಮಗ ಎದ್ದು ಹೋಗುತ್ತಿದ್ದ, ಹಾಗಾಗಿ ಖಾಲಾರನ್ನು ನಾನೇ ಕರೆದೊಯ್ದೆ. ಅವರಿಗೆ ಮನೆಯೂ ಬೇಡ, ಪರಿಹಾರವೂ ಬೇಡ. ಕಾಂಕ್ರೀಟ್ ಸುರಿಯುವ ಮೊದಲು ತೇತಾರನ್ನು ಹುಡುಕಿ ಸರಿಯಾಗಿ ಮಣ್ಣು ಮಾಡಬೇಕು, ಅಷ್ಟೆ. ಅಲ್ಲಿದ್ದ ಅಧಿಕಾರಿ ಸಭ್ಯ ಮನುಷ್ಯ. ಹಳೆಯ ನಕ್ಷೆ ನೋಡಿ ಮನೆಯಿದ್ದ ಚೌಕವನ್ನು ಮಾದರಿಯಲ್ಲಿ ಗುರುತಿಸಿ, "ಕೋಣೆ ಎಲ್ಲಿತ್ತು ತೋರಿಸಿ, ಅಗೆದು ನೋಡ್ತೇವೆ" ಎಂದ. ಖಾಲಾರಿಗೆ ಆಗಲೇ ನೆನಪು ಕೈಕೊಡುತ್ತಿತ್ತು. ಬಹಳ ಹೊತ್ತು ನೋಡಿ, "ಕಿಟಕಿಯಿಂದ ಬಸ್ ಸ್ಟಾಪ್ ಕಾಣುತ್ತೆ" ಎಂದರು. ಅದು ಹಮ್ದಾನ್ ಸ್ಟ್ರೀಟಿನ ಬಸ್ ಸ್ಟಾಪ್. ಚೌಕದ ಮೇಲೆ ಬೆರಳಿಟ್ಟು ನಾನೇ ಶುರುಮಾಡಿದೆ: ಇಲ್ಲಿ ಬಾಗಿಲು, ಇಲ್ಲಿ ನಿಂಬೆ ಮರ, ಕಾರಂಜಿ ಬಳಸಿ ಎಡಕ್ಕೆ ಹೋದರೆ ತೇತಾರ ಕೋಣೆ. "ನೀವು ಆ ಮನೇಲಿ ಇದ್ರಾ?" ಎಂದು ಅಧಿಕಾರಿ ಕೇಳಿದ. "ಹೌದು, ಚಿಕ್ಕವಳಿದ್ದಾಗ" ಎಂದೆ. ಸುಳ್ಳು ಹೇಳಿದೆನೆಂದು ಇವತ್ತಿಗೂ ಅನ್ನಿಸಿಲ್ಲ.

ನಾನು ಬೆರಳಿಟ್ಟಲ್ಲೇ ಕೋಣೆ ಸಿಕ್ಕಿತು. ಹೊಸ್ತಿಲು, ಗೋಡೆಯ ಬುಡ, ನಮಾಜಿನ ಚಾಪೆಯ ಒಂದು ಚೂರು. ತೇತಾ ಮಾತ್ರ ಇರಲಿಲ್ಲ. ಫೋನಿನಲ್ಲಿ ಬಂದ ಆ ಸುದ್ದಿಯನ್ನು ಹೆದರುತ್ತಲೇ ಖಾಲಾರಿಗೆ ಹೇಳಿದೆ. ಅಳುತ್ತಾರೆಂದುಕೊಂಡಿದ್ದೆ, ಅವರ ಮುಖ ಅರಳಿತು. "ಹಾಗಾದ್ರೆ ಹೊರಟುಬಿಟ್ಟಿದ್ದಾರೆ! ಯಲ್ಲಾ, ಅಕ್ಕಿ ಸ್ವಲ್ಪ ಹೆಚ್ಚು ಹಾಕು" ಎಂದರು. ಅಂದಿನಿಂದ ಊಟಕ್ಕೆ ಒಂದು ತಟ್ಟೆ ಹೆಚ್ಚಿಡುತ್ತಿದ್ದರು.

ಖಾಲಾ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಲೆಪ್ಪೊದ ಆ ಚೌಕಕ್ಕೆ ಕಾಂಕ್ರೀಟ್ ಬಿದ್ದಿದೆ. ನಮ್ಮ ಬಿಲ್ಡಿಂಗನ್ನೂ ಕೆಡವಿದ್ದಾರೆ. ಆ ಮನೆಯೊಳಗೆ ಈಗಲೂ ಓಡಾಡುವವಳು ನಾನೊಬ್ಬಳೇ; ಅದನ್ನು ನೆನೆದರೆ ಅಳು ಬರುತ್ತದೆ. ಕೆಲವು ಸಂಜೆ ಕಾಲಿಂಗ್ ಬೆಲ್ ಆದಾಗ ತಡಮಾಡದೆ ಬಾಗಿಲು ತೆಗೆಯುತ್ತೇನೆ. ಹೊರಟವರು ಬರುವುದಿದ್ದರೆ ಇನ್ನು ನನ್ನ ಹತ್ತಿರವೇ ಬರಬೇಕು. ಆದರೆ ತೇತಾರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ.